ಟಂಕಸಾಲೆ ಮುಚ್ಚಿದ ನಾಡಿಗೆ ನೂರು ರೂಪಾಯಿಯ ಗೌರವ

ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು 2020ರಲ್ಲಿ ಮೈಸೂರಿಗೆ ಸಂಬಂಧಿಸಿದ ಎರಡು ನಾಣ್ಯಗಳನ್ನು ಬಿಡುಗಡೆ ಮಾಡಿದರು. ಎರಡರ ಮುಖಬೆಲೆಯೂ ನೂರು ರೂಪಾಯಿ. ಒಂದು, 1919ರಲ್ಲಿ ಹುಟ್ಟಿದ ಜಯಚಾಮರಾಜ ಒಡೆಯರ ಜನ್ಮಶತಮಾನೋತ್ಸವದ ನೆನಪಿಗೆ. ಇನ್ನೊಂದು, 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಶತಮಾನೋತ್ಸವದ ನೆನಪಿಗೆ. ಅರಸನಿಗೊಂದು, ಅರಸೊತ್ತಿಗೆ ಕಟ್ಟಿದ ವಿದ್ಯಾಸಂಸ್ಥೆಗೊಂದು.

ಪತ್ರಿಕೆಗಳಲ್ಲಿ ಒಂದು ದಿನದ ಸುದ್ದಿಯಾಗಿ ಬಂದು ಹೋದ ಈ ಘಟನೆಗೆ ಬಹಳ ಹಿಂದಿನ ಒಂದು ಕಥೆಯಿದೆ. ಜಯಚಾಮರಾಜ ಒಡೆಯರು ಸಿಂಹಾಸನದಲ್ಲಿದ್ದಾಗ ಅವರ ಹೆಸರಿನಲ್ಲಿ ಒಂದು ಕಾಸೂ ಟಂಕವಾಗಲಿಲ್ಲ. ಅವರ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿಯೂ ಇಲ್ಲ, ಅಜ್ಜ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿಯೂ ಇಲ್ಲ. ಅವರಿಗೆ ಮನಸ್ಸಿರಲಿಲ್ಲವೆಂದಲ್ಲ, ಅಧಿಕಾರವೇ ಇರಲಿಲ್ಲ. ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ಬಳಿಕ 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸಿದಾಗ ಬರೆದ ಹಸ್ತಾಂತರ ಪತ್ರದಲ್ಲೇ ಆ ಷರತ್ತು ಸೇರಿತ್ತು. ಭಾರತ ಸರ್ಕಾರದ ನಾಣ್ಯವೇ ಮೈಸೂರಿನಲ್ಲೂ ನಡೆಯಬೇಕು, ಬಹಳ ಕಾಲದ ಹಿಂದೆ ನಿಂತುಹೋಗಿರುವ ಮೈಸೂರಿನ ಪ್ರತ್ಯೇಕ ನಾಣ್ಯವನ್ನು ಮತ್ತೆ ಹೊರಡಿಸುವಂತಿಲ್ಲ ಎಂಬುದು ಅದರ ಸಾರ. ಗದ್ದುಗೆಯನ್ನು ಕೊಟ್ಟರು, ಟಂಕಸಾಲೆಯನ್ನು ಕೊಡಲಿಲ್ಲ.

ಹೀಗೆ ಅರಸೊತ್ತಿಗೆಯ ಕಾಲದಲ್ಲಿ ದಕ್ಕದ ಗೌರವವೊಂದು ಮೈಸೂರಿನ ಕೊನೆಯ ಮಹಾರಾಜರಿಗೆ ದಕ್ಕಿದ್ದು ಪ್ರಜಾಪ್ರಭುತ್ವದ ಕೈಯಿಂದ. ಮಂಡ್ಯ ಸೀಮೆಯ ಜನರಿಗೆ ಈ ಕಥೆ ಹೊರಗಿನದಲ್ಲ. ಅದು ಶುರುವಾಗುವುದೇ ಈ ಜಿಲ್ಲೆಯ ನೆಲದಲ್ಲಿ.

ಮಂಡ್ಯ ತಾಲ್ಲೂಕಿನ ಕೊತ್ತತ್ತಿ ಹೋಬಳಿಯಿಂದ ಶ್ರೀರಂಗಪಟ್ಟಣ ಹೆಚ್ಚು ದೂರವಿಲ್ಲ. 1638ರಲ್ಲಿ ಪಟ್ಟಕ್ಕೆ ಬಂದ ರಣಧೀರ ಕಂಠೀರವ ನರಸರಾಜ ಒಡೆಯರು ತಮ್ಮದೇ ಟಂಕಸಾಲೆಯನ್ನು ಸ್ಥಾಪಿಸಿದ್ದು ಅಲ್ಲಿಯೇ. ವಿಜಯನಗರದ ಹಿಡಿತ ಸಡಿಲಗೊಂಡಿದ್ದ ದಿನಗಳವು. ಸ್ವಂತ ನಾಣ್ಯ ಹೊರಡಿಸುವುದೆಂದರೆ ‘ನಾವು ಯಾರ ಸಾಮಂತರೂ ಅಲ್ಲ’ ಎಂದು ಡಂಗುರ ಹೊಡೆಸಿದಂತೆಯೇ. ಆಗ ಹೊರಬಂದದ್ದು ‘ಕಂಠೀರಾಯ ಹಣ’. ತೂಕ ಅರ್ಧ ಗ್ರಾಮನ್ನೂ ಮುಟ್ಟದ ಚಿನ್ನದ ಸಣ್ಣ ಬಿಲ್ಲೆ. ಒಂದು ಬದಿಯಲ್ಲಿ ನರಸಿಂಹ, ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯಲ್ಲಿ ಅರಸನ ಹೆಸರು. ಹತ್ತು ಹಣ ಸೇರಿದರೆ ಒಂದು ಕಂಠೀರಾಯ ವರಹ. ಕಂದಾಯದ ಲೆಕ್ಕ, ದೇವಸ್ಥಾನದ ಉಂಬಳಿ, ಸೈನಿಕರ ಸಂಬಳ ಎಲ್ಲವೂ ತಲೆಮಾರುಗಟ್ಟಲೆ ಈ ಅಳತೆಯಲ್ಲಿಯೇ ನಡೆದವು. ಅರಸ ಕಾಲವಾದ ಮೇಲೂ ಅವನ ಹೆಸರಿನ ಹಣ ಲೆಕ್ಕದ ಕಡತಗಳಲ್ಲಿ ಉಳಿಯಿತು.

ಹೈದರಾಲಿಯ ಕಾಲದಲ್ಲಿ ಟಂಕಸಾಲೆಯ ಒಡೆತನ ಬದಲಾಯಿತು, ಆದರೆ ನಾಣ್ಯದ ರೂಪ ಪೂರ್ತಿ ಬದಲಾಗಲಿಲ್ಲ. ಅವನ ಚಿನ್ನದ ವರಹದ ಒಂದು ಬದಿಯಲ್ಲಿ ಹಳೆಯ ವರಹಗಳ ಶಿವ ಪಾರ್ವತಿಯರು ಮುಂದುವರಿದರು. ಇನ್ನೊಂದು ಬದಿಯಲ್ಲಿ ಹೈದರನ ಹೆಸರಿನ ಮೊದಲ ಅಕ್ಷರ ಪಾರಸಿ ಲಿಪಿಯಲ್ಲಿ ಬಂತು. ಜನ ನಂಬಿದ ಬಿಂಬವನ್ನು ಕದಲಿಸಿದರೆ ಹಣದ ಮೇಲಿನ ನಂಬಿಕೆಯೂ ಕದಲುತ್ತದೆ ಎಂಬ ವ್ಯವಹಾರಜ್ಞಾನ ಅದರಲ್ಲಿ ಕಾಣುತ್ತದೆ. ಟಿಪ್ಪು ಸುಲ್ತಾನ ಬೇರೆ ದಾರಿ ಹಿಡಿದ. ಅವನ ತಾಮ್ರದ ಪೈಸೆಗಳ ಮೇಲೆ ಆನೆ ನಿಂತಿತು. ಎರಡು ರೂಪಾಯಿಯ ಬೆಳ್ಳಿ ನಾಣ್ಯಕ್ಕೆ ಹೈದರಿ, ಒಂದು ರೂಪಾಯಿಗೆ ಇಮಾಮಿ, ಚಿನ್ನದ ಮೊಹರಿಗೆ ಅಹ್ಮದಿ ಎಂದು ಹೆಸರಿಟ್ಟ. ಒಂದು ಪೈಸೆಯ ನಾಣ್ಯಕ್ಕೆ ಶುಕ್ರಗ್ರಹದ ಹೆಸರು, ‘ಜೊಹ್ರಾ’. ಶ್ರೀರಂಗಪಟ್ಟಣ, ಬೆಂಗಳೂರು, ನಗರ ಮೊದಲಾದ ಊರುಗಳಲ್ಲಿ ಅವನ ಟಂಕಸಾಲೆಗಳಿದ್ದವು. ಕೆತ್ತನೆಯ ಅಚ್ಚುಕಟ್ಟಿನಲ್ಲಿ ಆ ಕಾಲದ ಭಾರತದ ಅತ್ಯುತ್ತಮ ನಾಣ್ಯಗಳ ಸಾಲಿಗೆ ಅವು ಸೇರುತ್ತವೆ.

1799ರಲ್ಲಿ ಟಿಪ್ಪು ಮಡಿದ ಬಳಿಕ ಪಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಂತು, ನಾಣ್ಯದ ಕೆಲಸ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಹೋಯಿತು. ಮುಮ್ಮಡಿಯವರ ತಾಮ್ರದ ಕಾಸುಗಳನ್ನು ಕನ್ನಡಿಗರೆಲ್ಲರೂ ಒಮ್ಮೆ ನೋಡಬೇಕು. ಮೊದಲು ಆನೆ, ಬರಬರುತ್ತ ಸಿಂಹ. ಮೇಲೆ ಕನ್ನಡದಲ್ಲಿ ‘ಶ್ರೀ’, ಕೆಲವದರಲ್ಲಿ ‘ಚಾಮುಂಡಿ’. ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿಯೇ ಬರೆದು, ಇಪ್ಪತ್ತು ಕಾಸಿನದೋ ಹತ್ತು ಕಾಸಿನದೋ ಎಂಬುದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಟಂಕಿಸುತ್ತಿದ್ದರು. ಸಂತೆಗೆ ಹೋದ ರೈತ ತನ್ನ ಕೈಯಲ್ಲಿರುವುದು ಎಷ್ಟು ಕಾಸು ಎಂಬುದನ್ನು ತನ್ನ ನುಡಿಯ ಅಕ್ಷರದಲ್ಲಿಯೇ ಗುರುತಿಸಬಹುದಾಗಿದ್ದ ಕಾಲ ಅದು.

ಆ ಕಾಲ ಬಹಳ ದಿನ ಉಳಿಯಲಿಲ್ಲ. 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋಯಿತು. 1833ರಲ್ಲಿ ಟಂಕಸಾಲೆಯನ್ನು ಮೈಸೂರಿನಿಂದ ಬೆಂಗಳೂರಿಗೆ ಸಾಗಿಸಿದರು. 1843ರಲ್ಲಿ ಅದನ್ನು ಮುಚ್ಚಿದರು. ಎರಡು ಶತಮಾನಗಳ ಹಿಂದೆ ಶ್ರೀರಂಗಪಟ್ಟಣದಲ್ಲಿ ಶುರುವಾದ ಮೈಸೂರಿನ ನಾಣ್ಯ ಪರಂಪರೆ ಅಲ್ಲಿಗೆ ಮುಗಿಯಿತು. 1881ರ ಷರತ್ತು ಹಾಕಿದ್ದು ಆ ಮುಚ್ಚಿದ ಬಾಗಿಲಿಗೆ ಬೀಗ.

ಅಲ್ಲಿಂದ ಮುಂದೆ ಮಂಡ್ಯ ಸೀಮೆಯ ಸಂತೆಗಳಲ್ಲಿ ಓಡಾಡಿದ್ದು ದೂರದ ಲಂಡನ್ನಿನ ಮುಖಗಳು. ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಐದನೇ ಜಾರ್ಜ್, ಆರನೇ ಜಾರ್ಜ್. ಹಳೆಯ ಮನೆಗಳಲ್ಲಿ ಈಗಲೂ ಸಿಗುವ ರಾಣಿ ಛಾಪಿನ ಬೆಳ್ಳಿ ರೂಪಾಯಿಗಳು ಆ ಕಾಲದವು. ಐದನೇ ಜಾರ್ಜನ 1911ರ ರೂಪಾಯಿಯಲ್ಲಿ ಅವನ ನಿಲುವಂಗಿಯ ಮೇಲಿನ ಆನೆಯ ಚಿತ್ರ ಜನರ ಕಣ್ಣಿಗೆ ಹಂದಿಯಂತೆ ಕಂಡು ದೊಡ್ಡ ಗುಲ್ಲೆದ್ದಿತು. ಸರ್ಕಾರ ಅಚ್ಚನ್ನೇ ತಿದ್ದಿ ಮರುವರ್ಷ ಸೊಂಡಿಲು ಸರಿಯಾಗಿ ಕಾಣುವ ಆನೆಯನ್ನು ತಂದಿತು. ನಾಣ್ಯದ ಮೇಲಿನ ಒಂದು ಸಣ್ಣ ಗೆರೆಯನ್ನೂ ಜನ ಎಷ್ಟು ಗಮನದಿಂದ ನೋಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಎಲ್ಲ ಸಂಸ್ಥಾನಗಳ ಪಾಡೂ ಹೀಗಿರಲಿಲ್ಲ. ಹೈದರಾಬಾದಿನ ನಿಜಾಮರು ಚಾರ್‌ಮಿನಾರಿನ ಚಿತ್ರವುಳ್ಳ ತಮ್ಮದೇ ರೂಪಾಯಿಯನ್ನು ಕೊನೆಯವರೆಗೂ ನಡೆಸಿದರು. ತಿರುವಾಂಕೂರು ತನ್ನ ಚಕ್ರಂ ನಾಣ್ಯವನ್ನು ಉಳಿಸಿಕೊಂಡಿತ್ತು. ಬಿಕಾನೇರದ ಮಹಾರಾಜ ಗಂಗಾಸಿಂಗರು 1937ರಲ್ಲಿ ತಮ್ಮ ಆಳ್ವಿಕೆಯ ಐವತ್ತನೇ ವರ್ಷದ ನೆನಪಿಗೆ ತಮ್ಮದೇ ಮುಖವುಳ್ಳ ನಾಣ್ಯ ಹೊರಡಿಸಿದರು. ಮಾದರಿ ಸಂಸ್ಥಾನವೆಂದು ಹೆಸರಾದ ಮೈಸೂರಿನ ನಾಲ್ವಡಿಯವರಿಗೆ ಆ ಅವಕಾಶವಿರಲಿಲ್ಲ.

ಇದನ್ನು ಹೇಳುವಾಗ ನಾಲ್ವಡಿಯವರು ಬಿಟ್ಟುಹೋದದ್ದೇನು ಎಂಬುದನ್ನೂ ಹೇಳಬೇಕಾಗುತ್ತದೆ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದದ್ದು 1912ರಿಂದ 1918ರವರೆಗೆ. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರ ಜುಲೈ 27ರಂದು. ಒಂದು ಕಡೆ ಕಾವೇರಿಗೆ ಅಡ್ಡಲಾಗಿ ಕಲ್ಲು ಕಟ್ಟುತ್ತಿದ್ದಾಗಲೇ ಇನ್ನೊಂದು ಕಡೆ ವಿಶ್ವವಿದ್ಯಾನಿಲಯಕ್ಕೆ ಅಡಿಪಾಯ ಬಿದ್ದಿತ್ತು. ಬ್ರಿಟಿಷರ ನೇರ ಆಡಳಿತಕ್ಕೆ ಸೇರದ ಪ್ರದೇಶದಲ್ಲಿ ಹುಟ್ಟಿದ ಭಾರತದ ಮೊದಲ ವಿಶ್ವವಿದ್ಯಾನಿಲಯವದು. ನಾಲ್ವಡಿಯವರೇ ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಅದರ ನೆರಳಿಗೆ ಬಂದವು.

ಕೊತ್ತತ್ತಿಯ ಗದ್ದೆಗಳಿಗೆ ಆ ಎರಡು ಕೆಲಸಗಳ ಫಲವೂ ಹರಿದು ಬಂದಿದೆ. ಮೊದಲು ವೈಸ್‌ರಾಯ್ ಇರ್ವಿನ್ನರ ಹೆಸರಿನಲ್ಲಿದ್ದು ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಪಡೆದ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಬದುಕನ್ನೇ ಬದಲಿಸಿತು. ರಾಗಿ ಬೆಳೆಯುತ್ತಿದ್ದ ಹೊಲಗಳಿಗೆ ಭತ್ತ, ಕಬ್ಬು ಬಂದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ತಲೆಯೆತ್ತಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನಾಲೆಯ ನೀರಿನಿಂದ ಕೈಗೆ ನಾಲ್ಕು ಕಾಸು ಬಂದ ಕುಟುಂಬಗಳ ಮಕ್ಕಳು ಮೈಸೂರಿಗೆ ಹೋಗಿ ಓದಿದರು. ಅವರ ಪದವಿ ಪತ್ರಗಳ ಮೇಲಿದ್ದದ್ದು ಮೈಸೂರು ವಿಶ್ವವಿದ್ಯಾನಿಲಯದ ಗಂಡಭೇರುಂಡ ಮುದ್ರೆ. ಮುಂದೆ ಮೈಸೂರಿಗೆ ಹೋಗುವ ಅಗತ್ಯವೂ ಕಡಿಮೆಯಾಯಿತು. ಹತ್ತಿರದ ತೂಬಿನಕೆರೆಯಲ್ಲಿಯೇ ವಿಶ್ವವಿದ್ಯಾನಿಲಯ ತನ್ನ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ಅದಕ್ಕಿಟ್ಟ ಹೆಸರು ಸರ್ ಎಂ. ವಿಶ್ವೇಶ್ವರಯ್ಯನವರದೇ.

ಈ ಜಿಲ್ಲೆಯಿಂದ ವಿಶ್ವವಿದ್ಯಾನಿಲಯಕ್ಕೆ ಹೋದದ್ದೂ ಸಣ್ಣ ಕಾಣಿಕೆಯಲ್ಲ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನವರಾದ ಬಿ.ಎಂ. ಶ್ರೀಕಂಠಯ್ಯನವರು ಅಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡದ ಹೊಸ ಕಾವ್ಯಕ್ಕೆ ದಾರಿ ತೋರಿದರು. ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು, ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು ಅಲ್ಲಿಯೇ ಓದಿದವರು. 1927ರಲ್ಲಿ ಕನ್ನಡ ಎಂ.ಎ. ತರಗತಿ ತೆರೆದಾಗ ಮೊದಲ ತಂಡದಲ್ಲಿ ಕುವೆಂಪು ಇದ್ದರು. ಅದೇ ವಿದ್ಯಾರ್ಥಿ 1956ರಲ್ಲಿ ಕುಲಪತಿಯಾಗಿ, ಮೈಸೂರಿನ ಸ್ನಾತಕೋತ್ತರ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಶತಮಾನೋತ್ಸವದ ನಾಣ್ಯ ನೆನೆಯುವುದು ಕಟ್ಟಡವನ್ನಲ್ಲ, ಇಂಥ ನೂರು ವರ್ಷಗಳ ದುಡಿಮೆಯನ್ನು.

ಇನ್ನೊಂದು ನಾಣ್ಯದ ಜಯಚಾಮರಾಜ ಒಡೆಯರು ಇದೇ ವಿಶ್ವವಿದ್ಯಾನಿಲಯದ ಪದವೀಧರರು. 1938ರಲ್ಲಿ ಮಹಾರಾಜ ಕಾಲೇಜಿನಿಂದ ಬಹುಮಾನ, ಚಿನ್ನದ ಪದಕಗಳೊಂದಿಗೆ ಪದವಿ ಪಡೆದರು. ಎರಡು ವರ್ಷಗಳಲ್ಲಿ ನಾಲ್ವಡಿಯವರು ತೀರಿಕೊಂಡು ಸಿಂಹಾಸನದ ಹೊಣೆ ಅವರ ಹೆಗಲಿಗೆ ಬಂತು, ವಿಶ್ವವಿದ್ಯಾನಿಲಯದ ಕುಲಾಧಿಪತಿ ಪದವಿಯೂ ಬಂತು. 1947ರಲ್ಲಿ ರಾಜ್ಯವನ್ನು ಭಾರತ ಒಕ್ಕೂಟಕ್ಕೆ ಸೇರಿಸಿ, ಆಮೇಲೆ ರಾಜಪ್ರಮುಖರಾಗಿ, 1956ರಿಂದ ಏಕೀಕೃತ ರಾಜ್ಯದ ಮೊದಲ ರಾಜ್ಯಪಾಲರಾಗಿ ದುಡಿದರು. ಬಳಿಕ ಮದ್ರಾಸಿನ ರಾಜ್ಯಪಾಲರೂ ಆದರು. ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರ ಅವರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾದವರು ಕೂಡ ಅವರೇ. 1952ರಲ್ಲಿ ಭಾರತೀಯ ವನ್ಯಜೀವಿ ಮಂಡಳಿ ರಚನೆಯಾದಾಗ ಅಧ್ಯಕ್ಷತೆ ಅವರದಾಗಿತ್ತು. ವೇದ ಪುರಾಣಗಳನ್ನು ಕನ್ನಡಕ್ಕೆ ತಂದ ಜಯಚಾಮರಾಜೇಂದ್ರ ಗ್ರಂಥಮಾಲೆ ಅವರ ಆಸ್ಥೆಯಿಂದ ನಡೆಯಿತು. ಕಿರೀಟ ಹೋದ ಮೇಲೂ ಕೆಲಸ ನಿಲ್ಲಿಸದ ಅರಸನಿಗೆ ಗಣರಾಜ್ಯ ಕೊಟ್ಟ ಮನ್ನಣೆ ಆ ನಾಣ್ಯ.

ಇಲ್ಲಿ ಇನ್ನೊಂದು ಕೊಂಡಿಯೂ ಇದೆ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ 1916ರಲ್ಲಿಯೇ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯವೂ ಹುಟ್ಟಿತು. ಅದರ ಮೊದಲ ಕುಲಾಧಿಪತಿ ನಾಲ್ವಡಿ ಕೃಷ್ಣರಾಜ ಒಡೆಯರೇ. ಬನಾರಸಿನ ಶತಮಾನೋತ್ಸವಕ್ಕೂ ಹತ್ತು ರೂಪಾಯಿ ಮತ್ತು ನೂರು ರೂಪಾಯಿಯ ನಾಣ್ಯಗಳು ಬಂದವು. 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರ ಕಲಿಸಿ, ಮುಂದೆ ಬನಾರಸಿನಲ್ಲಿ ಕುಲಪತಿಯಾದ ಡಾ. ಎಸ್. ರಾಧಾಕೃಷ್ಣನ್ ಅವರ 125ನೇ ಜನ್ಮವರ್ಷಕ್ಕೆ 2015ರಲ್ಲಿ ಹತ್ತು ಮತ್ತು 125 ರೂಪಾಯಿಯ ನಾಣ್ಯಗಳು ಬಂದವು. ಒಂದು ಸಂಸ್ಥಾನದ ವಿದ್ಯಾಪ್ರೀತಿ ಹೀಗೆ ಹಲವು ನಾಣ್ಯಗಳಲ್ಲಿ ಗುರುತು ಬಿಟ್ಟಿದೆ.

ನೆನಪಿಗಾಗಿ ನಾಣ್ಯ ಹೊರಡಿಸುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಗುಪ್ತರ ಸಮುದ್ರಗುಪ್ತ ಅಶ್ವಮೇಧ ಮಾಡಿದ ನೆನಪಿಗೆ ಯೂಪದ ಮುಂದೆ ಕುದುರೆ ನಿಂತಿರುವ ಚಿನ್ನದ ನಾಣ್ಯ ಹೊರಡಿಸಿದ. ವಿಜಯನಗರದ ಕೃಷ್ಣದೇವರಾಯನ ಬಾಲಕೃಷ್ಣ ವರಹವನ್ನು ಉದಯಗಿರಿಯ ಗೆಲುವಿನ ನೆನಪೆಂದು ವಿದ್ವಾಂಸರು ಗುರುತಿಸುತ್ತಾರೆ. ಅವನ ಬಳಿಕ ಬಂದ ಅಚ್ಯುತದೇವರಾಯನ ವರಹದ ಮೇಲೆ ಗಂಡಭೇರುಂಡವಿತ್ತು. ಆ ಹಕ್ಕಿಯೇ ಮುಂದೆ ಮೈಸೂರಿನ ಲಾಂಛನವಾಗಿ, ವಿಶ್ವವಿದ್ಯಾನಿಲಯದ ಮುದ್ರೆಯೂ ಆಯಿತು.

ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ ಬಂದದ್ದು 1964ರಲ್ಲಿ, ಜವಾಹರಲಾಲ್ ನೆಹರೂ ತೀರಿಕೊಂಡ ವರ್ಷ. 1969ರಲ್ಲಿ ಗಾಂಧೀಜಿಯವರ ಜನ್ಮಶತಮಾನೋತ್ಸವಕ್ಕೆ ಇಪ್ಪತ್ತು ಪೈಸೆಯಿಂದ ಹತ್ತು ರೂಪಾಯಿಯವರೆಗೆ ನಾಲ್ಕು ನಾಣ್ಯಗಳು ಬಂದವು. 1970ರ ದಶಕದಲ್ಲಿ ಆಹಾರ ಬೆಳೆ, ಕುಟುಂಬ ಯೋಜನೆಯಂಥ ವಿಷಯಗಳು ನಾಣ್ಯಕ್ಕೇರಿದವು. ಕರ್ನಾಟಕದ ಪಾಲಿಗೆ 2006 ನೆನಪಿಡಬೇಕಾದ ವರ್ಷ. ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರ ಹೆಸರಿನಲ್ಲಿ ಐದು ರೂಪಾಯಿ ಮತ್ತು ನೂರು ರೂಪಾಯಿಯ ನಾಣ್ಯಗಳು ಆ ವರ್ಷ ಬಂದವು. ಐದು ರೂಪಾಯಿಯದು ಎಷ್ಟೋ ಜನರ ಜೇಬಿನಲ್ಲಿ ಓಡಾಡಿದೆ.

ಅರಸು ಮನೆತನದವರ ಸರದಿ ಈಚೆಗೆ ಹೆಚ್ಚಿದೆ. 1999ರಲ್ಲಿ ಛತ್ರಪತಿ ಶಿವಾಜಿಯ ಎರಡು ರೂಪಾಯಿ, 2015ರಲ್ಲಿ ಮಹಾರಾಣಾ ಪ್ರತಾಪ, 2020ರಲ್ಲಿ ಗ್ವಾಲಿಯರಿನ ವಿಜಯರಾಜೇ ಸಿಂಧಿಯಾ, 2025ರಲ್ಲಿ ಅಹಲ್ಯಾಬಾಯಿ ಹೋಳ್ಕರರ ಮುನ್ನೂರನೇ ಜನ್ಮವರ್ಷಕ್ಕೆ ಮುನ್ನೂರು ರೂಪಾಯಿಯ ನಾಣ್ಯ. ವಿದ್ಯಾಸಂಸ್ಥೆಗಳ ಪೈಕಿ ಲಖನೌ ವಿಶ್ವವಿದ್ಯಾನಿಲಯದ ಶತಮಾನೋತ್ಸವಕ್ಕೆ 2020ರಲ್ಲಿ, ದೆಹಲಿ ವಿಶ್ವವಿದ್ಯಾನಿಲಯದ್ದಕ್ಕೆ 2022ರಲ್ಲಿ ನಾಣ್ಯ ಬಂತು. ಹೊರದೇಶಗಳಲ್ಲಿಯೂ ಇದು ರೂಢಿ. ಬ್ರಿಟನ್ 1935ರಲ್ಲಿ ಐದನೇ ಜಾರ್ಜನ, 1977ರಲ್ಲಿ ಎರಡನೇ ಎಲಿಜಬೆತ್ ರಾಣಿಯ ಬೆಳ್ಳಿಹಬ್ಬಕ್ಕೆ ನಾಣ್ಯ ಹೊರಡಿಸಿತು. ಥಾಯ್ಲೆಂಡಿನಲ್ಲಂತೂ ರಾಜಮನೆತನದ ಹಬ್ಬಗಳಿಗೂ ವಿಶ್ವವಿದ್ಯಾನಿಲಯಗಳ ಹಬ್ಬಗಳಿಗೂ ನಾಣ್ಯ ಹೊರಡಿಸುವುದು ಮಾಮೂಲು.

ಇಂಥ ನಾಣ್ಯ ತಯಾರಾಗುವ ಬಗೆ ಹೀಗೆ. ನಾಣ್ಯ ಹೊರಡಿಸುವ ಅಧಿಕಾರ ಕೇಂದ್ರ ಸರ್ಕಾರದ್ದು. 2011ರ ನಾಣ್ಯ ಕಾಯ್ದೆಯಂತೆ ಒಂದು ನಾಣ್ಯದ ಮುಖಬೆಲೆ ಸಾವಿರ ರೂಪಾಯಿಯನ್ನು ಮೀರುವಂತಿಲ್ಲ. ಯಾವ ಸಂದರ್ಭಕ್ಕೆ ನಾಣ್ಯ, ಅದರ ಅಳತೆ, ತೂಕ, ಲೋಹ, ಎರಡೂ ಬದಿಯ ಚಿತ್ರ ಮತ್ತು ಬರಹ ಏನಿರಬೇಕು ಎಂಬುದನ್ನು ಹಣಕಾಸು ಸಚಿವಾಲಯ ಗೆಜೆಟ್‌ನಲ್ಲಿ ಪ್ರಕಟಿಸುತ್ತದೆ. ಟಂಕಿಸುವುದು ಮುಂಬೈ, ಕೋಲ್ಕತ್ತ, ಹೈದರಾಬಾದ್, ನೊಯ್ಡಾಗಳಲ್ಲಿರುವ ಸರ್ಕಾರಿ ಟಂಕಸಾಲೆಗಳು. ಮುಖದ ಬದಿಯಲ್ಲಿ ಅಶೋಕಸ್ತಂಭದ ಸಿಂಹಗಳು ಮತ್ತು ಮುಖಬೆಲೆ ಇರಲೇಬೇಕು. ನೆನಪಿನ ಚಿತ್ರಕ್ಕೆ ಜಾಗ ಇನ್ನೊಂದು ಬದಿಯಲ್ಲಿ.

2020ರ ಆಸುಪಾಸಿನ ವರ್ಷಗಳ ನೂರು ರೂಪಾಯಿಯ ಸ್ಮರಣಾರ್ಥ ನಾಣ್ಯಗಳ ಅಳತೆ ಬಹುಮಟ್ಟಿಗೆ ಒಂದೇ. ಅಗಲ 44 ಮಿಲಿಮೀಟರ್, ತೂಕ 35 ಗ್ರಾಂ. ನೂರರಲ್ಲಿ 50 ಪಾಲು ಬೆಳ್ಳಿ, 40 ಪಾಲು ತಾಮ್ರ, ನಿಕ್ಕಲ್ ಮತ್ತು ಸತು ತಲಾ 5 ಪಾಲು. ಅಂದರೆ ಒಂದು ನಾಣ್ಯದಲ್ಲಿ ಹದಿನೇಳೂವರೆ ಗ್ರಾಂ ಬೆಳ್ಳಿ. ಬೆಳ್ಳಿಯ ಪೇಟೆ ಧಾರಣೆ ನೋಡಿದವರಿಗೆ ಗೊತ್ತು, ಆ ಬೆಳ್ಳಿಯ ಬೆಲೆಯೇ ನೂರು ರೂಪಾಯಿಯನ್ನು ಎಷ್ಟೋ ಪಾಲು ಮೀರುತ್ತದೆ. ಹಾಗಾಗಿ ಇವನ್ನು ಬ್ಯಾಂಕಿನ ಮೂಲಕ ಚಲಾವಣೆಗೆ ಬಿಡುವುದಿಲ್ಲ. ಟಂಕಸಾಲೆಗಳು ಮುಂಗಡ ಬುಕಿಂಗ್ ಪಡೆದು, ಮುಖಬೆಲೆಗಿಂತ ಹೆಚ್ಚಿನ ಬೆಲೆಗೆ ಸಂಗ್ರಾಹಕರಿಗೆ ಮಾರುತ್ತವೆ. ಅವುಗಳಲ್ಲೂ ಎರಡು ಬಗೆ. ನುಣುಪಾಗಿ ಹೊಳಪು ಕೊಟ್ಟ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಬಾರಿ ಒತ್ತಿದ್ದು ‘ಪ್ರೂಫ್’. ಅದರ ಬಯಲು ಕನ್ನಡಿಯಂತೆ ಹೊಳೆಯುತ್ತದೆ, ಚಿತ್ರ ಮಂಜು ಕವಿದಂತೆ ಬಿಳಿಯಾಗಿ ಎದ್ದು ಕಾಣುತ್ತದೆ. ಸಾಮಾನ್ಯವಾಗಿ ಒತ್ತಿ, ಕೈಯಿಂದ ಕೈಗೆ ಹೋಗದಂತೆ ಕಾಪಾಡಿದ್ದು ‘ಅನ್‌ಸರ್ಕ್ಯುಲೇಟೆಡ್’.

ಚಲಾವಣೆಯ ನಾಣ್ಯಕ್ಕೂ ಸಂಗ್ರಾಹಕರ ನಾಣ್ಯಕ್ಕೂ ಇರುವ ವ್ಯತ್ಯಾಸ ತಿಳಿಯದೆ ಎರಡು ತಪ್ಪುಗಳು ಊರೂರಲ್ಲಿ ನಡೆಯುತ್ತವೆ. ಮೊದಲನೆಯದು, ಚಲಾವಣೆಯ ನಾಣ್ಯವನ್ನು ಬೇಡವೆನ್ನುವುದು. ಹತ್ತು ರೂಪಾಯಿಯ ನಾಣ್ಯ ನಡೆಯುವುದಿಲ್ಲ ಎಂದು ಅಂಗಡಿಯಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಹಿಂದಕ್ಕೆ ಕೊಡುವುದನ್ನು ನೋಡದವರಿಲ್ಲ. ಈ ಗುಮಾನಿಗೆ ಕಾರಣವೇ ಸ್ಮರಣಾರ್ಥ ನಾಣ್ಯಗಳು. ಒಂದೊಂದು ಸಂದರ್ಭಕ್ಕೆ ಒಂದೊಂದು ಚಿತ್ರ ಬಂದಾಗ, ಒಂದರಂತೆ ಇನ್ನೊಂದಿಲ್ಲ, ಖೋಟಾ ಇರಬೇಕು ಎಂದು ಜನ ಭಾವಿಸಿದರು. ಹತ್ತು ರೂಪಾಯಿಯ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿಯೇ ಸ್ಪಷ್ಟಪಡಿಸಿತು. ರಾಧಾಕೃಷ್ಣನ್ ಅವರ ಚಿತ್ರವಿರುವ ಹತ್ತು ರೂಪಾಯಿಯನ್ನು ಒಬ್ಬ ವ್ಯಾಪಾರಿ ಬೇಡವೆಂದರೆ ಅವನು ಬೇಡವೆನ್ನುವುದು ದೇಶದ ಹಣವನ್ನೇ.

ಎರಡನೆಯದು ಇದಕ್ಕೆ ತದ್ವಿರುದ್ಧ. ನಿಮ್ಮ ಹತ್ತಿರ ವೈಷ್ಣೋದೇವಿಯ ಐದು ರೂಪಾಯಿ ಇದೆಯೇ, ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತವೆ. ನಂಬಿ ಕರೆ ಮಾಡಿದರೆ ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ಮೊದಲು ಕರೆ ಮಾಡಿದವರಿಂದಲೇ ಹಣ ಕೀಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಹಳೆಯ ನೋಟು, ನಾಣ್ಯಗಳ ವ್ಯವಹಾರಕ್ಕೆ ಶುಲ್ಕ ಕೇಳುವವರನ್ನು ನಂಬಬೇಡಿ, ಅಂಥ ಯಾವ ವ್ಯವಹಾರವನ್ನೂ ತಾನು ಮಾಡುವುದಿಲ್ಲ ಎಂದು ಬ್ಯಾಂಕ್ 2021ರ ಆಗಸ್ಟಿನಲ್ಲಿ ಎಚ್ಚರಿಸಿತು. ಲಕ್ಷಗಟ್ಟಲೆ ತಯಾರಾಗಿ ಚಲಾವಣೆಯಲ್ಲಿದ್ದ ನಾಣ್ಯಕ್ಕೆ ಲಕ್ಷ ರೂಪಾಯಿ ಬೆಲೆ ಬರಲು ಕಾರಣವೇ ಇಲ್ಲ.

ಮನೆಯಲ್ಲಿ ಮುಮ್ಮಡಿಯವರ ತಾಮ್ರದ ಕಾಸೋ ಟಿಪ್ಪುವಿನ ಆನೆ ಪೈಸೆಯೋ ಇದ್ದರೆ ಹುಣಿಸೆಹಣ್ಣು ಹಾಕಿ ತಿಕ್ಕಿ ಬೆಳಗಬಾರದು. ಕಿಲುಬಿನೊಂದಿಗೆ ಮೇಲಿನ ಅಕ್ಷರವೂ ಸವೆದುಹೋಗುತ್ತದೆ. ಗದ್ದೆ ಉಳುವಾಗ, ಪಾಯ ತೆಗೆಯುವಾಗ ನಾಣ್ಯದ ಗಡಿಗೆ ಸಿಕ್ಕಿದರೆ ರಾಜ್ಯದ 1962ರ ನಿಧಿ ಕಾಯ್ದೆಯಂತೆ ಅಧಿಕಾರಿಗಳಿಗೆ ತಿಳಿಸಬೇಕು. ಅಕ್ಕಸಾಲಿಗರಲ್ಲಿ ಕರಗಿಸಿದರೆ ಒಂದು ಉಂಗುರವಾಗಬಹುದು, ಊರಿನ ಇತಿಹಾಸದ ಒಂದು ಪುಟ ಮಾತ್ರ ಮತ್ತೆ ಸಿಗುವುದಿಲ್ಲ.

ಕೊನೆಗೆ ಉಳಿಯುವುದು ಅಕ್ಷರದ ಮಾತು. ಕೇಂದ್ರದ ನಾಣ್ಯಗಳ ಮೇಲಿನ ಬರಹ ದೇವನಾಗರಿ ಮತ್ತು ಇಂಗ್ಲಿಷಿನಲ್ಲಿರುವುದು ರೂಢಿ. ಕನ್ನಡದ ಅರಸನಿಗೂ ಕನ್ನಡನಾಡಿನ ವಿಶ್ವವಿದ್ಯಾನಿಲಯಕ್ಕೂ ಗೌರವ ಬರುವುದು ಇದೇ ರೂಢಿಯೊಳಗೆ. ಆದರೆ ರೂಢಿಯನ್ನು ಸಡಿಲಿಸಬಹುದೆಂದು ತಮಿಳರು ತೋರಿಸಿದ್ದಾರೆ. ಸಿ.ಎನ್. ಅಣ್ಣಾದುರೈ ಅವರ ಶತಮಾನೋತ್ಸವದ ಐದು ರೂಪಾಯಿಯ ನಾಣ್ಯದಲ್ಲಿ ಅವರ ಸಹಿ ತಮಿಳಿನಲ್ಲಿಯೇ ಇದೆ. 2024ರ ಆಗಸ್ಟಿನಲ್ಲಿ ಬಿಡುಗಡೆಯಾದ ಎಂ. ಕರುಣಾನಿಧಿಯವರ ನೂರು ರೂಪಾಯಿಯ ನಾಣ್ಯದಲ್ಲಿ ತಮಿಳು ಗೆಲ್ಲುತ್ತದೆ ಎಂಬ ಅರ್ಥದ ಘೋಷಣೆಯನ್ನು ತಮಿಳು ಲಿಪಿಯಲ್ಲಿ ಟಂಕಿಸಿದ್ದಾರೆ. ಕೇಳಿದವರಿಗೆ ಸಿಕ್ಕಿದೆ.

ಕನ್ನಡಿಗರು ಕೇಳುವ ಸಂದರ್ಭವೂ ದೂರವಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1884ರ ಜೂನ್ 4ರಂದು. 2034ಕ್ಕೆ ಅವರ ನೂರೈವತ್ತನೇ ಜನ್ಮವರ್ಷ. ಕನ್ನಂಬಾಡಿಯ ನೀರುಂಡು ಬೆಳೆದ ಮಂಡ್ಯ, ಮದ್ದೂರು, ಮಳವಳ್ಳಿಯ ಜನರಿಗಿಂತ ಇದನ್ನು ಕೇಳುವ ಹಕ್ಕು ಇನ್ನಾರಿಗಿದೆ? ಪ್ರಸ್ತಾವ, ವಿನ್ಯಾಸ, ಗೆಜೆಟ್ ಪ್ರಕಟಣೆ, ಟಂಕ ಎಲ್ಲಕ್ಕೂ ಸಮಯ ಬೇಕು. ಆದ್ದರಿಂದ ಗ್ರಾಮ ಪಂಚಾಯಿತಿಗಳು, ಕನ್ನಡ ಸಾಹಿತ್ಯ ಪರಿಷತ್ತಿನ ಘಟಕಗಳು, ಮೈಸೂರು ಮತ್ತು ಮಂಡ್ಯದ ವಿಶ್ವವಿದ್ಯಾನಿಲಯಗಳು ಈಗಲೇ ನಿರ್ಣಯ ಮಾಡಿ ತಮ್ಮ ಸಂಸದರ ಮೂಲಕ ಹಣಕಾಸು ಸಚಿವಾಲಯಕ್ಕೆ ಕಳುಹಿಸಬೇಕು. ನಾಲ್ವಡಿಯವರ ಹೆಸರಿನಲ್ಲಿ ಒಂದು ನಾಣ್ಯ ಬರಲಿ, ಅದರ ಮೇಲೆ ಆ ಹೆಸರು ಕನ್ನಡ ಅಕ್ಷರದಲ್ಲಿಯೂ ಇರಲಿ, ಅದು ನೂರು ರೂಪಾಯಿಯ ಬೆಳ್ಳಿಯಾಗಿ ಸಂಗ್ರಾಹಕರ ಪೆಟ್ಟಿಗೆ ಸೇರುವುದರ ಜೊತೆಗೆ ರೈತರ ಜೇಬಿನಲ್ಲಿ ಓಡಾಡುವ ಹತ್ತು ರೂಪಾಯಿಯಾಗಿಯೂ ಬರಲಿ ಎಂಬ ಮೂರೂ ಬೇಡಿಕೆಗಳು ಆ ನಿರ್ಣಯದಲ್ಲಿ ಇರಬೇಕು.